ಕೊಳೆ ಔಷಧಿಗೆ ಇರುವ ದುಡ್ಡು ಬಿಪಿ ಮಾತ್ರೆಗೆ ಯಾಕಿಲ್ಲ?

ಕೊಳೆ ಅಂದರೆ ಮಳೆಗಾಲದಲ್ಲಿ ಅಡಕೆ ಗೊನೆಗೆ ಬಂದು ಕಾಯಿ ಉದುರಿಸುವ ರೋಗ. ಅದನ್ನು ತಡೆಯುವ ಔಷಧಿ ಹೊಡೆಯುವ ವಿಷಯದಲ್ಲಿ ಮಲೆನಾಡಿನ ಅಡಕೆ ಬೆಳೆಗಾರರು ಕೈ ಬಿಗಿ ಹಿಡಿಯುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಮಳೆ ಜಾಸ್ತಿಯಾದರೆ ಮೂರನೇ ಸಲ. ಹೊಡೆಯುವ ದಿನ ಗೊನೆಯಲ್ಲಿ ರೋಗವೇ ಇರುವುದಿಲ್ಲ. ಕಾಯಿ ಹಸಿರಾಗಿ ಚೆನ್ನಾಗೇ ಇರುತ್ತದೆ. ಆದರೂ "ಈಗ ಏನೂ ಆಗಿಲ್ವಲ್ಲ, ಸುಮ್ನೆ ಯಾಕೆ ಖರ್ಚು" ಅಂತ ಯಾರೂ ಕೇಳುವುದಿಲ್ಲ. ಒಂದು ಸುತ್ತು ತಪ್ಪಿದರೆ ವರ್ಷದ ಬೆಳೆ ಮರದ ಬುಡಕ್ಕೆ ಉದುರುತ್ತದೆ ಅಂತ ಎಲ್ಲರಿಗೂ ಗೊತ್ತು.

ನನ್ನ ಚಿಕ್ಕಪ್ಪನೂ ಹಾಗೇ. ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಹಳ್ಳಿ. ಎರಡು ಎಕರೆಗೂ ಕಡಿಮೆ ತೋಟ. ಮೂವತ್ತು ವರ್ಷದಲ್ಲಿ ಒಂದು ಸುತ್ತು ಔಷಧಿಯನ್ನೂ ಅವರು ತಪ್ಪಿಸಿಲ್ಲ. ಬಿಪಿ ಮಾತ್ರೆಯನ್ನು ಮಾತ್ರ ದಿನ ಬಿಟ್ಟು ದಿನ ನುಂಗುತ್ತಿದ್ದರು. ಇದು ನಮಗೆ ಗೊತ್ತಾದದ್ದು ಅವರಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿದ ಮೇಲೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಚಿಕ್ಕಮ್ಮ ಕಪಾಟಿನಿಂದ ಒಂದು ಹಳೆ ಬಿಸ್ಕತ್ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. ಒಳಗೆ ಮಾತ್ರೆ ಸ್ಟ್ರಿಪ್‌ನ ತುಂಡುಗಳು. ಮೆಡಿಕಲ್ ಶಾಪಿನವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟವು. ಐದು ಮಾತ್ರೆಯದ್ದು ಒಂದು, ಮೂರರದ್ದು ಒಂದು, ಎರಡರದ್ದು ನಾಲ್ಕು. ಕೆಲವದರಲ್ಲಿ ಹೆಸರಿನ ಅರ್ಧ ಮಾತ್ರ ಉಳಿದಿತ್ತು. ಎಕ್ಸ್‌ಪೈರಿ ತಾರೀಖು ಒಂದರಲ್ಲೂ ಇರಲಿಲ್ಲ. ಯಾವುದು ಬಿಪಿದು, ಯಾವುದು ಶುಗರ್‌ದು ಅಂತ ಚಿಕ್ಕಮ್ಮ ಬಣ್ಣ ನೋಡಿ ಹೇಳುತ್ತಿದ್ದರು.

"ಇಬ್ಬರದ್ದೂ ತಿಂಗಳಿಗೆ ಒಟ್ಟಿಗೆ ತಂದ್ರೆ ಸಾವಿರದ ಎಂಟುನೂರು ಬೇಕಲ್ಲ ಮಾರಾಯ. ಅದ್ಕೆ ಪೇಟೆಗೆ ಹೋದಾಗ ಇಷ್ಟಿಷ್ಟೇ ತರೋದು" ಅಂದರು.

ಆ ಡಬ್ಬಿ ನನ್ನ ತಲೆಯಿಂದ ಹೋಗಿಲ್ಲ. ಚಿಕ್ಕಪ್ಪ ಅಜ್ಞಾನಿ ಅಲ್ಲ, ಉಡಾಫೆಯ ಮನುಷ್ಯ ಅಲ್ಲ. ರೋಗ ಬರುವ ಮೊದಲೇ ಔಷಧಿ ಹಾಕಬೇಕು ಅನ್ನುವುದನ್ನು ಅವರಿಗಿಂತ ಚೆನ್ನಾಗಿ ತಿಳಿದವರು ಕಡಿಮೆ. ಹಾಗಿದ್ದೂ ಮಾತ್ರೆಗೆ ಕತ್ತರಿ ಬಿತ್ತು. ಯಾಕೆ ಅಂತ ಹುಡುಕುತ್ತಾ ಹೋದರೆ ಕಾರಣ ಒಂದೇ ಕಡೆ ಸಿಗುವುದಿಲ್ಲ.

ಮೊದಲನೆಯದು ದುಡ್ಡು ಬರುವ ಕಾಲ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದು ಅಡಕೆ ಮಂಡಿಗೆ ಹೋಗುವಾಗ ಜನವರಿ, ಫೆಬ್ರುವರಿ. ಬಂದದ್ದರಲ್ಲಿ ಸೊಸೈಟಿ ಬಾಕಿ, ಮಕ್ಕಳ ಫೀಸು, ಮದುವೆ ಮುಂಜಿ. ಜೂನ್ ಹೊತ್ತಿಗೆ ಕೈ ಖಾಲಿ. ಮಾತ್ರೆ ಮಾತ್ರ ಹನ್ನೆರಡೂ ತಿಂಗಳು ಬೇಕು. ಕೊಳೆ ಔಷಧಿಯಾದರೆ ಮಂಡಿಯವರು ಮುಂಗಡ ಕೊಡುತ್ತಾರೆ. ಸೊಸೈಟಿಯಲ್ಲಿ ಮೈಲುತುತ್ತ ಸಾಲಕ್ಕೆ ಸಿಗುತ್ತದೆ. ತೋಟಗಾರಿಕೆ ಇಲಾಖೆ ಸಬ್ಸಿಡಿ ಕೊಟ್ಟ ವರ್ಷಗಳೂ ಇವೆ. ಬಿಪಿ ಮಾತ್ರೆಗೆ ಮುಂಗಡ ಕೊಡುವ ಮಂಡಿ ನಾನಂತೂ ನೋಡಿಲ್ಲ. ಕೂಲಿಗೆ ಹೋಗುವವರ ಕಷ್ಟ ಇದಕ್ಕಿಂತ ಜಾಸ್ತಿ. ಜಡಿಮಳೆ ಹಿಡಿದರೆ ಎಷ್ಟೋ ದಿನ ಕೆಲಸ ಇಲ್ಲ, ಸಂಬಳ ಇಲ್ಲ. ಆಗ ಮನೆಯಲ್ಲಿ ಮೊದಲು ಕಡಿತವಾಗುವುದು ಇವತ್ತು ತಪ್ಪಿದರೆ ಇವತ್ತೇ ನೋಯದ ಖರ್ಚು. ಬಿಪಿ ನೋಯುವುದಿಲ್ಲ, ಶುಗರ್ ನೋಯುವುದಿಲ್ಲ.

ಇದು ನಮ್ಮ ಮನೆಯೊಂದರ ಕಥೆ ಅಂತಲೂ ಅಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ, ಅಂದರೆ ಶೇ 35.5ರಷ್ಟು ಮಂದಿಗೆ ಬಿಪಿ ಇದೆ. ಇವರಲ್ಲಿ ಹೆಚ್ಚಿನವರಿಗೆ ಮಾತ್ರೆ ಜೀವನಪೂರ್ತಿ ಬೇಕು.

ಇನ್ನು ಬೆಲೆ ಹೇಗೆ ಗೊತ್ತಾಗುತ್ತದೆ ನೋಡೋಣ. ಸರ್ಕಾರದ ಬಳಿ ಅಗತ್ಯ ಔಷಧಿಗಳ ಪಟ್ಟಿ ಒಂದಿದೆ. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಬಿಪಿಯ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಶುಗರ್‌ನ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಇನ್ಸುಲಿನ್ ಎಲ್ಲ ಅದರಲ್ಲಿವೆ. ಈ ಪಟ್ಟಿಯಲ್ಲಿ ಇರುವುದಕ್ಕೆ ಎನ್‌ಪಿಪಿಎ, ಅಂದರೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ, ಗರಿಷ್ಠ ಬೆಲೆ ಕಟ್ಟುತ್ತದೆ. ಕಟ್ಟುವ ಲೆಕ್ಕ ಹೀಗೆ: ಮಾರುಕಟ್ಟೆಯಲ್ಲಿ ಕನಿಷ್ಠ ಶೇ 1ರಷ್ಟು ಪಾಲಿರುವ ಬ್ರ್ಯಾಂಡ್‌ಗಳು ಅಂಗಡಿಯವರಿಗೆ ಕೊಡುವ ದರದ ಸರಾಸರಿ ತೆಗೆಯಬೇಕು. ಅದರ ಮೇಲೆ ಅಂಗಡಿಯವರ ಪಾಲು ಅಂತ ಶೇ 16 ಸೇರಿಸಬೇಕು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಿಂದ ಬಂದ ಲೆಕ್ಕ ಇದು. ಅದಕ್ಕೂ ಹಿಂದೆ ತಯಾರಿಕೆಗೆ ಎಷ್ಟು ಖರ್ಚಾಗುತ್ತದೆ ಅನ್ನುವುದರ ಮೇಲೆ ಬೆಲೆ ಕಟ್ಟುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಏನು ದರ ಓಡುತ್ತಿದೆಯೋ ಅದರ ಸರಾಸರಿ. ದುಬಾರಿ ಬ್ರ್ಯಾಂಡ್‌ಗಳೇ ತುಂಬಿರುವ ಕಡೆ ಸರಾಸರಿಯೂ ಮೇಲೇ ಇರುತ್ತದೆ, ಅಲ್ವಾ?

ಹೀಗೆ ಕಟ್ಟಿದ ಬೆಲೆಯೂ ವರ್ಷ ವರ್ಷ ಸಗಟು ಬೆಲೆ ಸೂಚ್ಯಂಕದ ಜೊತೆ ಏರಬಹುದು. 2022ರ ಏಪ್ರಿಲ್‌ನಲ್ಲಿ ಶೇ 10.77, 2023ರಲ್ಲಿ ಶೇ 12.12 ಏರಿಸಲು ಅವಕಾಶ ಸಿಕ್ಕಿತು. ಪೂರ್ತಿ ಏರಿಸಿದರೆ ಎರಡೇ ವರ್ಷದಲ್ಲಿ ನೂರು ರೂಪಾಯಿ ಮಾತ್ರೆ ನೂರಿಪ್ಪತ್ತನಾಲ್ಕು. ಆಮೇಲಿನ ಎರಡು ವರ್ಷ ಏರಿಕೆ ಅಷ್ಟಾಗಿ ಇರಲಿಲ್ಲ ಅನ್ನುವುದು ನಿಜ. ಪಟ್ಟಿಯ ಹೊರಗಿನ ಔಷಧಿಗೆ ಗರಿಷ್ಠ ಬೆಲೆಯ ಕಟ್ಟು ಇಲ್ಲ. ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬಾರದು, ಅಷ್ಟೇ.

ಪೇಟೆಂಟ್, ಅಂದರೆ ಒಂದು ಔಷಧಿಯನ್ನು ಒಂದೇ ಕಂಪನಿ ಮಾಡಿ ಮಾರುವ ಹಕ್ಕು, ಎಷ್ಟು ದೊಡ್ಡ ಗೋಡೆ ಅಂತ ತಿಳಿಯಲು ಒಂದೇ ಉದಾಹರಣೆ ಸಾಕು. ಶುಗರ್ ಇರುವವರ ಹೃದಯ, ಕಿಡ್ನಿ ಕಾಯುವ ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆ ಇದೆ. ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಮುಗಿಯಿತು. ಹತ್ತಾರು ಕಂಪನಿಗಳು ತಯಾರಿಸಿದವು. 10 ರೂಪಾಯಿಗಿಂತ ಕಡಿಮೆಗೂ ಸಿಗತೊಡಗಿತು. ಮಾತ್ರೆಯೊಳಗಿನ ಔಷಧಿ ಬದಲಾಗಿಲ್ಲ. ಹಾಗಿದ್ದರೂ ಹಳೇ ಚೀಟಿ ಇಟ್ಟುಕೊಂಡು ಹಳೇ ಬ್ರ್ಯಾಂಡನ್ನೇ ಹಳೇ ದರಕ್ಕೆ ತರುತ್ತಿರುವವರು ಇರುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಇದ್ದರೆ ಇವತ್ತೇ ಡಾಕ್ಟರ್ ಹತ್ತಿರ ಕೇಳಿ.

ಡಾಕ್ಟರ್ ಹತ್ತಿರವೇ ಯಾಕೆ ಕೇಳಬೇಕು, ಮೆಡಿಕಲ್ ಶಾಪಿನವರೇ ಕಡಿಮೆ ಬೆಲೆಯದ್ದು ಕೊಡಬಹುದಲ್ಲ ಅಂತ ಅನ್ನಿಸಬಹುದು. ಕಾನೂನು ಬಿಡುವುದಿಲ್ಲ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಬರೆದಿದ್ದರೆ, ಒಳಗೆ ಅದೇ ಔಷಧಿ ಇರುವ ಬೇರೆ ಬ್ರ್ಯಾಂಡನ್ನು ಅಂಗಡಿಯವರು ತಾವಾಗಿ ಬದಲಿಸಿ ಕೊಡುವಂತಿಲ್ಲ. ಹಾಗಾಗಿ ಮನೆಯ ತಿಂಗಳ ಖರ್ಚು ನಿಂತಿರುವುದು ಡಾಕ್ಟರ್ ಪೆನ್ನಿನ ತುದಿಯಲ್ಲಿ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ವೈದ್ಯರು ಜನರಿಕ್ ಹೆಸರಿನಲ್ಲೇ, ಅಂದರೆ ಬ್ರ್ಯಾಂಡ್ ಬಿಟ್ಟು ಒಳಗಿನ ಔಷಧಿಯ ಹೆಸರಿನಲ್ಲೇ, ಬರೆಯಬೇಕು ಅಂತ ನಿಯಮ ತಂದಿತು. ವೈದ್ಯರ ಸಂಘಟನೆಗಳು ವಿರೋಧಿಸಿದವು. ಅದೇ ತಿಂಗಳಲ್ಲಿ ನಿಯಮವನ್ನು ತಡೆಹಿಡಿಯಲಾಯಿತು. ವೈದ್ಯರ ಆತಂಕ ಪೂರ್ತಿ ಸುಳ್ಳೇನಲ್ಲ. ಗುಣಮಟ್ಟದ ಖಾತ್ರಿ ಇಲ್ಲದೆ ಯಾವುದೋ ಮಾತ್ರೆ ಕೊಟ್ಟು ರೋಗಿಗೆ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವರು ಅವರೇ. ಆದರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಹೊರಡಿಸುವ ಕಳಪೆ ಔಷಧಿಗಳ ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ಬ್ರ್ಯಾಂಡ್ ಹೆಸರುಗಳೂ ಇರುತ್ತವೆ. ದುಬಾರಿ ಅಂದ ಮಾತ್ರಕ್ಕೆ ಖಾತ್ರಿ ಅಲ್ಲ.

2025ರ ಸೆಪ್ಟೆಂಬರ್ 22ರಿಂದ ಔಷಧಿಯ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. 33 ಜೀವರಕ್ಷಕ ಔಷಧಿಗಳಿಗೆ ತೆರಿಗೆಯೇ ಇಲ್ಲ. ಶುಗರ್ ನೋಡುವ ಮಷಿನ್, ಸ್ಟ್ರಿಪ್‌ಗೂ ಶೇ 5. ಒಳ್ಳೆಯ ಕೆಲಸ. ಆದರೆ ಚಿಕ್ಕಮ್ಮನ ಸಾವಿರದ ಎಂಟುನೂರರಲ್ಲಿ ಇದರಿಂದ ಉಳಿಯುವುದು ನೂರು, ನೂರಿಪ್ಪತ್ತು ರೂಪಾಯಿ.

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಸುವ ವಿಷಯಕ್ಕೆ ಈಗ ಬರುತ್ತೇನೆ. ಚಿಕ್ಕಪ್ಪನದ್ದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಒಂದೂವರೆ ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಎಲ್ಲವೂ ಮುಖ್ಯವಾಗಿ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರಿಗೆ. ಮನೆಯಲ್ಲಿದ್ದು ದಿನಾ ನುಂಗುವ ಮಾತ್ರೆಯ ಬಿಲ್ಲನ್ನು ಈ ಕಾರ್ಡ್ ಕಟ್ಟುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ಹೃದಯಾಘಾತವಾದವರಿಗೆ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಅನ್ನುವ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ಇವು ಜೀವ ಉಳಿಸಿವೆ, ಇನ್ನೂ ಉಳಿಸುತ್ತವೆ. ಇವುಗಳಲ್ಲಿ ಒಂದನ್ನೂ ಕಡಿಮೆ ಮಾಡಬಾರದು. ಆದರೆ ಬಿಪಿ, ಶುಗರ್ ಮಾತ್ರೆ ತಪ್ಪಿ ಕಿಡ್ನಿ ಕೆಟ್ಟ ಮೇಲೆ ವಾರಕ್ಕೆ ಎರಡು ಮೂರು ಡಯಾಲಿಸಿಸ್‌ಗೆ ದುಡ್ಡು ಕೊಡುವ ವ್ಯವಸ್ಥೆ, ಕಿಡ್ನಿ ಚೆನ್ನಾಗಿದ್ದಾಗ ಆ ಮಾತ್ರೆಯ ಬಿಲ್ಲು ಕಟ್ಟುವುದಿಲ್ಲ. ಗೊನೆ ಉದುರಿದ ಮೇಲೆ ಪರಿಹಾರ ಕೊಡುತ್ತೇವೆ, ಮೈಲುತುತ್ತಕ್ಕೆ ಮಾತ್ರ ಕೇಳಬೇಡಿ ಅಂದ ಹಾಗೆ.

2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ 39.4 ಜನ ತಮ್ಮ ಜೇಬಿನಿಂದ ಕೊಟ್ಟದ್ದು. 2013-14ರಲ್ಲಿ ಇದು ಶೇ 64.2 ಇತ್ತು. ಕಡಿಮೆಯಾಗಿದೆ, ಸಂತೋಷ. ಆದರೆ ಮಾತ್ರೆ ನುಂಗಿ ಬದುಕುವವರಿಗೆ ಈ ಸುಧಾರಣೆ ಮನೆ ಬಾಗಿಲಿಗೆ ಬಂದ ಹಾಗೆ ಕಾಣುವುದಿಲ್ಲ. ಆಸ್ಪತ್ರೆ ಸೇರಿದರೆ ಕಾರ್ಡ್, ಮನೆಯಲ್ಲಿದ್ದರೆ ಜೇಬು.

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದಲ್ಲ ಅಂತ ಓದುವವರು ಹೇಳಬಹುದು. ಸಿಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಮ್ಲೊಡಿಪಿನ್, ಮೆಟ್‌ಫಾರ್ಮಿನ್ ಇರುತ್ತವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇನ್ನೂ ಹೆಚ್ಚು ಬಗೆಯವು ಸಿಗುತ್ತವೆ. ನಾನು ಎಲ್ಲರಿಗೂ ಮೊದಲು ಹೇಳುವುದೇ ಅಲ್ಲಿಗೆ ಹೋಗಿ ಅಂತ. ಆದರೆ ಮಲೆನಾಡಿನಲ್ಲಿ ಪುಕ್ಕಟೆ ಅನ್ನುವುದಕ್ಕೆ ದಾರಿ ಖರ್ಚು ಸೇರಿಸಬೇಕು. ಒಂಟಿ ಮನೆಗಳ ಊರು ನಮ್ಮದು. ಮನೆಯಿಂದ ರಸ್ತೆಗೆ ಬರಲೇ ಎರಡು ಕಿಲೋಮೀಟರ್ ಗುಡ್ಡ ಇಳಿಯಬೇಕು. ಅಲ್ಲಿಂದ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮ್ಮ ಕಡೆ ಎಷ್ಟೋ ಹಳ್ಳಿಗೆ ಓಡುವುದು ಖಾಸಗಿ ಬಸ್ಸು. ಅಲ್ಲಿ ಟಿಕೆಟ್ ತಗೊಳ್ಳಲೇಬೇಕು. ಹೋಗಿ ಬರುವುದಕ್ಕೆ ಒಂದು ದಿನ, ಒಂದು ದಿನದ ಕೂಲಿ. ಅಷ್ಟು ಮಾಡಿ ಹೋದಾಗ ಹದಿನೈದು ದಿನದ ಮಾತ್ರೆ ಮಾತ್ರ ಕೈಗೆ ಬಂದರೆ ತಿಂಗಳಿಗೆ ಎರಡು ಸಲ ಅದೇ ದಾರಿ. ಒಂದು ಸಲ ಹೋದಾಗ ಸ್ಟಾಕ್ ಇಲ್ಲ ಅಂದರೆ ಮುಂದಿನ ಸಲ ಜನ ಹೋಗುವುದೇ ಇಲ್ಲ.

ಸಾಗರ ತಾಲ್ಲೂಕಿನ ತುಮರಿ ಕಡೆಯವರನ್ನು ಕೇಳಿ ನೋಡಿ. ಶರಾವತಿ ಹಿನ್ನೀರು ಅಡ್ಡ ಬಂದು ಆರು ದಶಕ ಲಾಂಚ್ ನಂಬಿಕೊಂಡು ಬದುಕಿದರು. ಸಂಜೆ ಲಾಂಚ್ ನಿಂತರೆ ಸಾಗರದ ಆಸ್ಪತ್ರೆ ಅವರ ಪಾಲಿಗೆ ಮರುದಿನಕ್ಕೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಆ ಸೇತುವೆಯನ್ನು ಎಲ್ಲರೂ ದೇವಸ್ಥಾನದ ದಾರಿ ಅಂತ ನೋಡಿದರು. ನನಗೆ ಮೊದಲು ನೆನಪಾದದ್ದು ಆ ಕಡೆಯ ಬಿಪಿ, ಶುಗರ್ ಇರುವವರು.

ಜನೌಷಧಿ ಕೇಂದ್ರಗಳು ಇನ್ನೊಂದು ದಾರಿ. 2008ರಲ್ಲಿ ಶುರುವಾದ ಯೋಜನೆ, ಈಗ ದೇಶದಲ್ಲಿ 15 ಸಾವಿರಕ್ಕೂ ಜಾಸ್ತಿ ಕೇಂದ್ರಗಳಿವೆ. ಬ್ರ್ಯಾಂಡ್ ಬೆಲೆಗಿಂತ ಅರ್ಧ, ಕೆಲವಕ್ಕೆ ಇನ್ನೂ ಎಷ್ಟೋ ಕಡಿಮೆ. ಒಂದೊಂದು ಬ್ಯಾಚನ್ನೂ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷಿಸಿ ಕಳಿಸುತ್ತಾರೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆ ಆವರಣದಲ್ಲಿರುವ ಕೇಂದ್ರಗಳನ್ನು ಮುಚ್ಚುವ ಆದೇಶ ಹೊರಡಿಸಿತು. ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವಾಗ ಅಲ್ಲಿ ಮಾರಾಟ ಯಾಕೆ ಅನ್ನುವುದು ಸರ್ಕಾರದ ವಾದ. ವಿಷಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು. ವಾದದಲ್ಲಿ ತಿರುಳಿದೆ. ಎಲ್ಲ ಮಾತ್ರೆಯೂ ಎಲ್ಲ ದಿನವೂ ಒಳಗೆ ಉಚಿತವಾಗಿ ಸಿಗುವುದಾದರೆ ಹೊರಗಿನ ಅಂಗಡಿ ಯಾರಿಗೂ ಬೇಕಾಗಿಲ್ಲ. ಆದರೆ ಒಳಗೆ ಇಲ್ಲದ ದಿನ ರೋಗಿ ಎಲ್ಲಿಗೆ ಹೋಗಬೇಕು? ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕಡಿಮೆ ಬೆಲೆಯ ಅಂಗಡಿ ಮುಚ್ಚುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ದುಡ್ಡು ಸಾಲದಾಗ ಮನೆಗಳಲ್ಲಿ ಏನು ಮಾಡುತ್ತಾರೆ ಅನ್ನುವುದು ಡಾಕ್ಟರಿಗೆ ಗೊತ್ತಾಗುವುದೇ ಇಲ್ಲ. ಕೇಳಿದರೆ "ಹೌದು ಸಾರ್, ದಿನಾ ತಗೋತೀನಿ" ಅನ್ನುತ್ತಾರೆ. ಬಡತನ ಹೇಳಿಕೊಳ್ಳಲು ನಾಚಿಕೆ. ಡಾಕ್ಟರ್ ಬಿಪಿ ನೋಡಿ, ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ಇನ್ನೊಂದು ಬರೆಯುತ್ತಾರೆ. ಬಿಲ್ಲು ಇನ್ನೂ ಏರುತ್ತದೆ. ಕೆಲವರು ಮಾತ್ರೆ ಅರ್ಧ ಮಾಡುತ್ತಾರೆ. ಇದು ಎಲ್ಲದಕ್ಕೂ ಆಗುವುದಿಲ್ಲ. ಮೆಟ್‌ಫಾರ್ಮಿನ್ ಹೆಸರಿನ ಮುಂದೆ ಎಸ್‌ಆರ್ ಅಂತ ಇದ್ದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಜಜ್ಜಿದರೆ, ಕಚ್ಚಿದರೆ ಔಷಧಿಯೆಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಗಂಡ ಹೆಂಡತಿ ಒಂದೇ ಸ್ಟ್ರಿಪ್ ಹಂಚಿಕೊಳ್ಳುವುದೂ ಇದೆ, ಇಬ್ಬರದ್ದೂ ಬಿಪಿ ತಾನೇ ಅಂತ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಎದೆಬಡಿತ, ಬಿಪಿ ಎರಡೂ ಏರಿ ಹೃದಯಕ್ಕೆ ಅಪಾಯ. ಇನ್ಸುಲಿನ್ ನಿಲ್ಲಿಸುವುದು, ಫಿಟ್ಸ್ ಮಾತ್ರೆ ನಿಲ್ಲಿಸುವುದು ಇನ್ನೂ ಅಪಾಯ.

ಯಾರ ಮಾತ್ರೆ ಮೊದಲು ತಪ್ಪುತ್ತದೆ ಅಂತಲೂ ಹೇಳಬೇಕು. ನಾನು ಕಂಡ ಮನೆಗಳಲ್ಲಿ ಹೆಚ್ಚಾಗಿ ಹೆಂಗಸರದ್ದು. ಆ ಬಿಸ್ಕತ್ ಡಬ್ಬಿಯಲ್ಲಿ ಚಿಕ್ಕಪ್ಪನ ಮಾತ್ರೆ ತುಂಡುಗಳಾದರೂ ಇದ್ದವು. ಚಿಕ್ಕಮ್ಮನ ಶುಗರ್ ಮಾತ್ರೆ ಇದ್ದದ್ದು ಎರಡೇ. "ನಂಗೆ ಎಂತ ಆಗ್ತದೆ, ಸಿಹಿ ತಿನ್ನೋದು ಬಿಟ್ಟಿದ್ದೀನಲ್ಲ" ಅಂದಿದ್ದರು.

ಮಾತ್ರೆ ತಪ್ಪದೆ ಊರಿಗೇ ತಲುಪಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲೇ 2005ರಿಂದ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಆರೋಗ್ಯ ಕಾರ್ಯಕರ್ತರ ಮೂಲಕ ಗುರುತಿಸಿ, ಅವರ ಊರಿನ ಹತ್ತಿರವೇ ಚಿಕಿತ್ಸೆ, ಮಾತ್ರೆ ಸಿಗುವಂತೆ ಮಾಡಿದರು. ಮಾತ್ರೆ ಬಿಡದೆ ತಗೊಂಡವರು ದಿನನಿತ್ಯದ ಕೆಲಸಕ್ಕೆ ಮರಳುವುದು, ಅವರ ಅಂಗವೈಕಲ್ಯ ಕಡಿಮೆಯಾಗುವುದು ಅಧ್ಯಯನದಲ್ಲಿ ಕಂಡಿತು. ಅತಿ ಕಷ್ಟದ ಕಾಯಿಲೆಯಲ್ಲೇ ಇದು ಆಗುತ್ತದೆ ಅಂದರೆ ಬಿಪಿಗೆ ಯಾಕೆ ಆಗಬಾರದು? ದೇಶದ ಹಲವು ಜಿಲ್ಲೆಗಳಲ್ಲಿ ನಡೆದಿರುವ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಕೂಡ ಇದನ್ನೇ ಹೇಳುತ್ತದೆ: ಸರಳವಾದ ಎರಡು ಮೂರು ಬಗೆಯ ಮಾತ್ರೆ, ತಪ್ಪದ ಸ್ಟಾಕ್, ಒಂದು ಸಲಕ್ಕೆ ತಿಂಗಳಿಡೀ ಸಾಲುವಷ್ಟು. ಅದಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾದದ್ದೂ ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಉದ್ದೇಶದಿಂದ.

ನೋಡುವುದರ ಜೊತೆ ಮಾತ್ರೆಯೂ ಬರಬೇಕು. ಮಲೆನಾಡಿಗೆ ಲೆಕ್ಕ ಬೇರೆ ಹಾಕಬೇಕು. ಮಳೆಗಾಲಕ್ಕೆ ನಾವು ಸೌದೆ, ಅಕ್ಕಿ, ಹಪ್ಪಳ, ಉಪ್ಪಿನಕಾಯಿ ಎಲ್ಲ ಮೇ ತಿಂಗಳಲ್ಲೇ ಕೂಡಿಡುತ್ತೇವೆ. ಬಿಪಿ, ಶುಗರ್ ಹಿಡಿತದಲ್ಲಿರುವವರಿಗೆ ಆರೋಗ್ಯ ಕೇಂದ್ರದಿಂದಲೂ ಮೇ ಕೊನೆಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲಿ. ನಡುವೆ ಆಶಾ ಕಾರ್ಯಕರ್ತೆಯರು ಒಮ್ಮೆ ಬಿಪಿ ನೋಡಿ ಹೋಗಲಿ, ಆ ಕೆಲಸಕ್ಕೆ ಅವರಿಗೆ ಸರಿಯಾದ ದುಡ್ಡು ಕೊಡಲಿ. ಆಸ್ಪತ್ರೆ ಕಾರ್ಡಿನಲ್ಲಿ ಹೊರರೋಗಿಯ ಮಾತ್ರೆಗೂ ಒಂದು ಸಣ್ಣ ಮೊತ್ತ ಇರಲಿ. ಸೊಸೈಟಿಗಳು ಕೂಡ ಯೋಚನೆ ಮಾಡಬಹುದು. ಮೈಲುತುತ್ತ ಸಾಲಕ್ಕೆ ಕೊಡುವವರು ಅದೇ ಸದಸ್ಯನ ಮಾತ್ರೆಗೆ ಸಾಲ ಕೊಟ್ಟು ಅಡಕೆ ಬಂದಾಗ ಮುರಿದುಕೊಳ್ಳಬಹುದಲ್ಲ? ಡಾಕ್ಟರುಗಳಿಗೆ ನನ್ನ ಕೋರಿಕೆ ಒಂದೇ. "ದಿನಾ ತಗೋತೀರಾ" ಅಂತ ಕೇಳುವ ಬದಲು "ಹೋದ ವಾರ ಎಷ್ಟು ದಿನ ತಪ್ಪಿತು, ತಿಂಗಳಿಗೆ ಎಷ್ಟು ಕೊಡೋಕೆ ಆಗ್ತದೆ" ಅಂತ ಕೇಳಿ. ನಮ್ಮ ಜನ ಆಗ ಬಾಯಿ ಬಿಡುತ್ತಾರೆ.

ನಾವು ಮಾಡಿದ್ದು ಇಷ್ಟು. ತೀರ್ಥಹಳ್ಳಿಯ ಒಬ್ಬ ಡಾಕ್ಟರ್ ಹತ್ತಿರ ಇಬ್ಬರ ಚೀಟಿಯನ್ನೂ ತಗೊಂಡು ಹೋಗಿ ಕೂತೆವು. ಸಾವಿರದ ಎಂಟುನೂರು ಅಂತ ಮೊದಲೇ ಹೇಳಿದೆವು. ಅವರು ಎರಡು ಮಾತ್ರೆ ತೆಗೆದರು, ಉಳಿದದ್ದನ್ನು ಜನರಿಕ್ ಹೆಸರಿನಲ್ಲಿ ಬರೆದರು. ಕೆಲವು ಆರೋಗ್ಯ ಕೇಂದ್ರದಲ್ಲಿ ಸಿಗುತ್ತವೆ, ಉಳಿದವು ಜನೌಷಧಿಯಲ್ಲಿ. ಈಗ ತಿಂಗಳಿಗೆ ಐನೂರರ ಒಳಗೆ. ಮುಂಚೆಯೇ ಒಬ್ಬರಾದರೂ ಹೀಗೆ ಕೂತು ಕೇಳಿದ್ದರೆ ಅಂತ ಚಿಕ್ಕಮ್ಮ ಬಸ್ಸಿನಲ್ಲಿ ಎರಡು ಸಲ ಹೇಳಿದರು.

ಈ ವರ್ಷ ಮೇ ಕೊನೆಗೆ ಮೈಲುತುತ್ತ, ಸುಣ್ಣ ತರಲು ಹೋದ ದಿನವೇ ಮೂರು ತಿಂಗಳ ಮಾತ್ರೆಯೂ ಬಂತು. ಪೂರ್ತಿ ಸ್ಟ್ರಿಪ್‌ಗಳು. ಮಳೆಗಾಲದ ಥಂಡಿ ತಾಗದಂತೆ ಚಿಕ್ಕಮ್ಮ ಅವನ್ನು ಬಿಗಿ ಮುಚ್ಚಳದ ಎರಡು ಬಾಟಲಿಗೆ ತುಂಬಿದರು. ಒಂದರ ಮೇಲೆ ಚಿಕ್ಕಪ್ಪನ ಹೆಸರು, ಇನ್ನೊಂದರ ಮೇಲೆ ತಮ್ಮದು. ಚಿಕ್ಕಪ್ಪನಿಗೆ ಬಲಗೈಯಲ್ಲಿ ಸ್ಟ್ರಿಪ್ ಒತ್ತಲು ಇನ್ನೂ ಆಗುವುದಿಲ್ಲ. ಬೆಳಗ್ಗೆ ತಿಂಡಿಯಾದ ಮೇಲೆ ಚಿಕ್ಕಮ್ಮ ಒತ್ತಿ ಕೊಡುತ್ತಾರೆ, ಆಮೇಲೆ ತಮ್ಮ ಬಾಟಲಿ ತೆಗೆಯುತ್ತಾರೆ.